ದೆವ್ವದಕ್ಕನ ಕಟೌಟು

ಹಳೇ ಸಿನಿಮಾ ಪೋಸ್ಟರು ಕೊಂಡು ಮಾರುವವರ ನಡುವೆ ಅವಳಿಗೆ ದೆವ್ವದಕ್ಕ ಎಂದು ಹೆಸರು. ಎದುರಿಗೆ ಬರೀ ಅಕ್ಕ, ಬೆನ್ನ ಹಿಂದೆ ದೆವ್ವದಕ್ಕ. ಇದು ಅವಳ ಕಿವಿಗೆ ಬಿದ್ದಿಲ್ಲವೆಂದು ಅವರ ನಂಬಿಕೆ. ಬೀಳದೆ ಏನು, ಚೆನ್ನಾಗಿಯೇ ಬಿದ್ದಿತ್ತು. ಈ ವ್ಯಾಪಾರದವರು ಆ ಹೆಸರು ಇಡುವುದಕ್ಕೆ ಎಷ್ಟೋ ವರ್ಷ ಮೊದಲೇ ಅದು ಅವಳ ಬೆನ್ನು ಹತ್ತಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಅವಳ ಮನೆಯ ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಮುಚ್ಚಿಹೋದ ಚಿತ್ರಮಂದಿರಗಳ ಗಾಜಿನ ಪೆಟ್ಟಿಗೆಗಳು, ಟಿಕೆಟ್ಟು ಕಿಟಕಿಯ ಮೇಲಿದ್ದ ತಗಡಿನ ಬೋರ್ಡು, ಯಾವುದೋ ಭಯಾನಕ ಚಿತ್ರಕ್ಕೆಂದು ಬಾಗಿಲಲ್ಲಿ ನೇತುಹಾಕಿದ್ದ ಗಾರೆಯ ಕೈ, ಗೋಡೆಗೆ ಒರಗಿಸಿಟ್ಟ ಪ್ಲೈವುಡ್ ಭೂತಗಳು. ನಡುವೆ ಉದ್ದನೆಯ ಮೇಜು. ಅದರ ಮೇಲೆ ರಟ್ಟಿನ ನಡುವೆ ಪೋಸ್ಟರುಗಳು ಮಟ್ಟಸವಾಗಿ ಮಲಗಿರುತ್ತವೆ. ಅವಳು ಪುಸ್ತಕದ ಬೈಂಡಿಂಗ್ ಕೆಲಸ ಮಾಡಿ ಬದುಕಿದವಳು, ಕಾಗದದ ಜಾತಕ ಬಲ್ಲವಳು. ಒಂದರ ಮೇಲೊಂದು ಅಂಟಿಸಿದ ಪೋಸ್ಟರುಗಳನ್ನು ಕೆಟಲಿನ ಹಬೆಗೆ ಹಿಡಿದು, ಮೊಂಡು ಚಾಕು ತೂರಿಸಿ, ಒಂದೂ ಹರಿಯದಂತೆ ಬಿಡಿಸುವುದನ್ನು ನೋಡಲೆಂದೇ ದೂರದಿಂದ ಜನ ಬರುತ್ತಿದ್ದರು. ಒಮ್ಮೆ ಪತ್ರಿಕೆಯವರೊಬ್ಬರು ಬಂದು, ದೆವ್ವಗಳ ಮೇಲೆ ನಿಮಗೆ ಇಷ್ಟೊಂದು ಪ್ರೀತಿ ಹೇಗೆ ಬಂತು ಎಂದು ಕೇಳಿದರು. ಅವಳು ಟೀ ಕೊಟ್ಟು ಕಳಿಸಿದಳು. ಪ್ರೀತಿಯಂತೆ, ಪ್ರೀತಿ.

ನಿಜ ಹೇಳಬೇಕೆಂದರೆ ಆ ಕೋಣೆಯ ಯಾವೊಂದು ದೆವ್ವವನ್ನು ಕಂಡರೂ ಅವಳಿಗೆ ಆಗುತ್ತಿರಲಿಲ್ಲ. ಅವಳು ಹುಡುಕುತ್ತಿದ್ದುದು ಒಂದೇ ಮುಖವನ್ನು, ಅದೂ ತನ್ನದೇ ಮುಖವನ್ನು. ಒಂದು ಕಾಲಕ್ಕೆ ಅದು ಪೋಸ್ಟರಾಗಿ ಊರೂರಿನ ಗೋಡೆ ಏರಿತ್ತು. ಎಲ್ಲೆಲ್ಲಿ ಉಳಿದಿದೆಯೋ ಅಲ್ಲಲ್ಲಿಂದ ಹೆಕ್ಕಿ ತಂದು, ಅದರ ಒಂದು ಚೂರೂ ಭೂಮಿಯ ಮೇಲೆ ಇರದಂತೆ ಮಾಡಬೇಕು ಎಂಬುದು ಅವಳ ಹಠ.

ಶುರುವಿನಲ್ಲಿ ಅವಳಿಗೆ ವ್ಯಾಪಾರದ ಒಳಗುಟ್ಟು ತಿಳಿಯದು. ಗುಜರಿ ಅಂಗಡಿಗೆ ಹೋಗಿ ಇಂಥದೇ ಪೋಸ್ಟರು ಬೇಕು ಎಂದು ಬಾಯಿಬಿಟ್ಟಳು. ಅವಳ ಆತುರ ಕಂಡ ಅಂಗಡಿಯವನು ಅದನ್ನು ಒಳಗಿಟ್ಟು, ಇದು ಭಾರಿ ಅಪರೂಪದ ಮಾಲು ಎಂದು ಎಲ್ಲರೆದುರು ಡಂಗುರ ಹೊಡೆದ. ಅಂದಿನಿಂದ ಅವಳು ಬೇಕಾದ್ದನ್ನು ಬೇಕು ಎನ್ನುವುದನ್ನು ಬಿಟ್ಟಳು. 'ಯಾವ ದೆವ್ವ ಆದ್ರೂ ಪರವಾಗಿಲ್ಲಪ್ಪ, ಇದ್ದಷ್ಟು ಕೊಡು' ಎನ್ನುವಳು. ಕಟ್ಟುಗಟ್ಟಲೆ ಹೊತ್ತು ತಂದು ಒಂದೊಂದೇ ಬಿಡಿಸುವಳು. ತನ್ನ ಮುಖ ಸಿಕ್ಕಿದರೆ ಅದನ್ನು ಬಚ್ಚಲಿಗೆ ಒಯ್ದು, ಬಕೆಟ್ಟಿನಲ್ಲಿ ನೆನೆಹಾಕಿ, ಕಿವುಚಿ, ಮುದ್ದೆ ಮಾಡಿ ಎಸೆಯುವಳು. ಬೇಡದ್ದೆಲ್ಲ ಉಳಿದು ಉಳಿದು ಕೋಣೆ ತುಂಬಿತು, ಅವಳು ದೊಡ್ಡ ಸಂಗ್ರಾಹಕಿ ಎನ್ನಿಸಿಕೊಂಡಳು.

ಆ ಬೇಡದ್ದನ್ನೆಲ್ಲ ನೋಡಿ ನೋಡಿ ಅವಳಿಗೆ ಒಂದು ಮಾತು ಮಾತ್ರ ಮನದಟ್ಟಾಗಿತ್ತು. ದೆವ್ವಗಳಲ್ಲಿ ಮುಕ್ಕಾಲು ಪಾಲು ಹೆಂಗಸರೇ. ಕೂದಲು ಬಿಚ್ಚಿರಬೇಕು, ಬಾಯಿ ತೆರೆದಿರಬೇಕು, ಯಾರನ್ನೋ ಏನೋ ಕೇಳುತ್ತಿರಬೇಕು. ಗಂಡು ದೆವ್ವವಾದರೆ ಉದ್ದನೆಯ ಕೋಟು ತೊಟ್ಟು, ಬಾಯಿ ಮುಚ್ಚಿಕೊಂಡು, ಮದುವೆಗೆ ಬಂದ ದೊಡ್ಡ ಮನುಷ್ಯನ ಹಾಗೆ ಗಂಭೀರವಾಗಿ ನಿಂತಿರುತ್ತದೆ. ಕಿರುಚುವ ಕೆಲಸವನ್ನೆಲ್ಲ ಹೆಂಗಸಿನ ತಲೆಗೆ ಕಟ್ಟಿದ್ದಾರೆ.

ಅವಳ ತಲೆಗೆ ಕಟ್ಟಿದವನು ಅವಳ ಅಣ್ಣನೇ.

ಅಣ್ಣ ಸಿನಿಮಾ ಬ್ಯಾನರು ಬರೆಯುವವನು. ಕೈಯಲ್ಲಿ ಕಸುಬಿತ್ತು, ಅದರಲ್ಲಿ ಎರಡು ಮಾತಿಲ್ಲ. ಮುಖ ಬರೆದರೆ ಉಸಿರಾಡುತ್ತಿತ್ತು. ಅಕ್ಷರ ಮಾತ್ರ ಅವನಿಗೆ ಒಲಿಯಲಿಲ್ಲ. ಅವನು ಬರೆದ ಸಾಲು ಎಡದಲ್ಲಿ ಶುರುವಾಗಿ ಬಲಕ್ಕೆ ಹೋಗುವಷ್ಟರಲ್ಲಿ ಸೋತು ಕುಸಿದಿರುತ್ತಿತ್ತು. ಅಪ್ಪ ಅಮ್ಮ ಇಲ್ಲದ ಮನೆ, ಇರುವವರು ಇಬ್ಬರೇ. ಹಾಗಾಗಿ ಬ್ಯಾನರಿನ ಅಕ್ಷರವನ್ನೆಲ್ಲ ತಂಗಿ ಬರೆಯುತ್ತಿದ್ದಳು, ಮೂಲೆಯಲ್ಲಿ ಅಣ್ಣ ತನ್ನ ಹೆಸರು ಹಾಕಿಕೊಳ್ಳುತ್ತಿದ್ದ. ಅದೂ ಅವಳೇ ಬರೆಯಬೇಕಿತ್ತು.

ಒಂದು ದಿನ ಮುದ್ರಣಾಲಯದ ಯಜಮಾನರು ಬಂದರು. ಪೋಸ್ಟರು ಅಚ್ಚು ಹಾಕುವ ದೊಡ್ಡ ಮುದ್ರಣಾಲಯ ಅದು. ಒಣಗಲಿಟ್ಟಿದ್ದ ಬ್ಯಾನರು ನೋಡಿ, ಈ ಅಕ್ಷರ ಯಾರದು ಎಂದು ವಿಚಾರಿಸಿ, ಮುಂದಿನ ತಿಂಗಳಿಂದ ನಮ್ಮಲ್ಲಿಗೆ ಬಾ, ನಿನಗೆಂದೇ ಒಂದು ಮೇಜು ಹಾಕಿಸುತ್ತೇನೆ ಎಂದು ಅವಳಿಗೇ ಹೇಳಿಹೋದರು. ಆ ತಿಂಗಳು ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊಸ ಕುಂಚಗಳನ್ನು ಕೊಂಡಳು. ಹೇಳಿದ ದಿನ ಹೋದಳು. ಯಜಮಾನರು ಕುರ್ಚಿಯಿಂದ ಅರ್ಧ ಎದ್ದು ಮೇಜನ್ನು ನಡುವೆ ಇಟ್ಟುಕೊಂಡೇ ಮಾತಾಡಿದರು.

"ನಿಮ್ಮಣ್ಣ ಬಂದು ಎಲ್ಲಾ ಹೇಳಿದ್ರಮ್ಮ. ಪಾಪ, ತಲೆ ಸರಿ ಇರಲ್ವಂತೆ ಆಗಾಗ. ಮನೇಲೇ ಇದ್ದು ಚೆನ್ನಾಗಿ ಔಷಧಿ ತಗೊಳ್ಳಿ."

ತಲೆ ಸರಿಯಿಲ್ಲ ಎನ್ನಿಸಿಕೊಂಡವಳು, ಸರಿ ಇದೆ ಎಂದು ಹೇಗೆ ವಾದಿಸುವುದು? ಗಟ್ಟಿಯಾಗಿ ಹೇಳಿದರೆ ಅದೇ ಸಾಕ್ಷಿ. ಮೆತ್ತಗೆ ಹೇಳಿದರೆ ಕೇಳುವವರಿಲ್ಲ. ಅವಳು ಹೊಸ ಕುಂಚಗಳನ್ನು ಎತ್ತಿಕೊಂಡು ಹೊರಬಂದಳು. ಬಿಸಿಲಲ್ಲಿ ಅಷ್ಟು ದೂರ ನಡೆದು ಬಂದಳು, ದಾರಿಯಲ್ಲಿ ಜಡೆ ಬಿಚ್ಚಿಹೋದದ್ದೂ ತಿಳಿಯಲಿಲ್ಲ. ಅಣ್ಣ ಬಣ್ಣ ಕಲಸುತ್ತ ಕೂತಿದ್ದ. ಅವನ ಮುಂದೆ ನಿಂತು, ಗಂಟಲು ಹರಿಯುವಂತೆ ಕೇಳಿದಳು.

"ಯಾಕೆ ಹಾಗೆ ಹೇಳ್ದೆ?"

ಅವನು ತಲೆಯೆತ್ತಿದ. ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ. ಉತ್ತರಕ್ಕೆ ತಡಕಾಡುತ್ತಿದ್ದಾನೆ ಎಂದುಕೊಂಡಳು. ಅವನು ತಡಕಾಡುತ್ತಿದ್ದುದು ಇದ್ದಿಲ ಕಡ್ಡಿಗೆ.

"ಹಾಗೇ ಇರು" ಎಂದ. "ಅಲ್ಲಾಡ್ಬೇಡ."

ಅವನ ಕಷ್ಟ ಅವನಿಗೆ. ಆ ವಾರ ಬಿಡುಗಡೆಯಾಗುವ ಭಯಾನಕ ಚಿತ್ರಕ್ಕೆ ಕಟೌಟು ಬರೆಯಬೇಕಿತ್ತು, ಚಿತ್ರದ ಕಡೆಯವರು ಒಂದು ಫೋಟೋವನ್ನೂ ಕಳಿಸಿರಲಿಲ್ಲ. ದೆವ್ವ ಹೇಗಿರಬೇಕೆಂದು ತಲೆ ಕೆರೆದುಕೊಂಡು ಕೂತವನ ಮುಂದೆ ತಂಗಿ ಬಂದು ನಿಂತಿದ್ದಳು. ಎದೆಯಿಂದ ಮೇಲಕ್ಕೆ ಒಂದಾಳೆತ್ತರದ ಪ್ಲೈವುಡ್ ಮುಖ ಚಿತ್ರಮಂದಿರದ ಬಾಗಿಲ ಮೇಲೆ ಏರಿತು. ಜನ ಅದನ್ನು ನೋಡಲೆಂದೇ ಬಂದರು. ಹಂಚಿಕೆದಾರರಿಗೆ ಅದು ಎಷ್ಟು ಹಿಡಿಸಿತೆಂದರೆ ಅದರದೇ ಫೋಟೋ ತೆಗೆಸಿ ಪೋಸ್ಟರು ಮಾಡಿಸಿದರು. ಅಚ್ಚಾದದ್ದು ಅದೇ ಮುದ್ರಣಾಲಯದಲ್ಲಿ. ಅಕ್ಷರ ಬರೆದವರು ಇನ್ಯಾರೋ, ಅವಳಿಗೆಂದು ಹಾಕಿಸಿದ ಮೇಜಿನ ಮುಂದೆ ಕೂತು. ಕೋರೆಹಲ್ಲು ಬಿಟ್ಟುಕೊಂಡು ಸಾಲುಸಾಲಾಗಿ ಯಂತ್ರದಿಂದ ಹೊರಬಿದ್ದ ಆ ಮುಖವನ್ನು ನೋಡಿ, ಆ ಯಜಮಾನರು ಅಣ್ಣ ಹೇಳಿದ್ದು ಸುಳ್ಳಲ್ಲ ಎಂದುಕೊಂಡಿರಲೇಬೇಕು. ಇದನ್ನು ನೆನೆದಾಗಲೆಲ್ಲ ಅವಳ ಮೈಯೆಲ್ಲ ಉರಿಯುತ್ತಿತ್ತು.

ಚಿತ್ರದ ಹೆಸರು ಈಗ ಯಾರಿಗೂ ನೆನಪಿಲ್ಲ. ಮುಖ ಮಾತ್ರ ಉಳಿದುಕೊಂಡಿತು, ಜೊತೆಗೆ ತಮಾಷೆ. ಅಂದಿನಿಂದ ಅವಳು ಯಾವುದಕ್ಕೆ ದನಿ ಎತ್ತಿದರೂ, 'ಬಂತಪ್ಪ ದೆವ್ವ'. ಮನೆ ಮಾಲೀಕ ನೀರು ನಿಲ್ಲಿಸಿದ್ದಕ್ಕೆ ಕೇಳಲು ಹೋದರೂ ದೆವ್ವ, ಬೈಂಡಿಂಗ್ ಅಂಗಡಿಯವನು ಅವಳ ಕೆಲಸವನ್ನು ಬೇರೆಯವರ ಹೆಸರಿಗೆ ಬರೆದದ್ದಕ್ಕೆ ಕೇಳಿದರೂ ದೆವ್ವ. ಮುಂದೆ ಕೈಹಿಡಿದ ಗಂಡ ಒಳ್ಳೆಯ ಮನುಷ್ಯ, ಅವಳ ಮೇಲೆ ಕೈ ಎತ್ತಿದವನಲ್ಲ. ಆದರೆ ಅವಳಿಗೆ ಸಿಟ್ಟು ಬಂದರೆ ದಿಂಬು ಮುಖಕ್ಕೆ ಹಿಡಿದು ನಡುಗುವ ನಾಟಕ ಆಡುತ್ತಿದ್ದ. ಅದೇ ಗಂಡ ಹೊಟ್ಟೆನೋವಿನಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಹೊರಳಾಡುತ್ತ, ಬೆಳಗಿನಿಂದ ಯಾರೂ ಬಂದು ನೋಡದಿದ್ದಾಗ, ಅವಳು ಡಾಕ್ಟರನ್ನು ಅಡ್ಡಗಟ್ಟಿ ಜೋರಾಗಿಯೇ ಕೇಳಿದಳು. ಜೊತೆಗಿದ್ದ ಅಣ್ಣ ನಕ್ಕು, 'ನಮ್ಮ ತಂಗಿ ಸಿನಿಮಾ ದೆವ್ವ ಸಾರ್, ನೀವು ತಲೆಗೆ ಹಚ್ಕೋಬೇಡಿ' ಎಂದ. ಡಾಕ್ಟರೂ ನಕ್ಕು ಒಳಗೆ ಹೋದರು. ಸಂಜೆಯವರೆಗೂ ಯಾರೂ ಬರಲಿಲ್ಲ. ಗಂಡ ಅಂದು ಸಾಯಲಿಲ್ಲ, ಸತ್ತದ್ದು ಬಹಳ ವರ್ಷದ ಮೇಲೆ, ಬೇರೆ ಕಾಯಿಲೆಗೆ. ಆದರೆ ಆ ನಗುವನ್ನು ಅವಳು ಕ್ಷಮಿಸಲಿಲ್ಲ. ಪೋಸ್ಟರಿನ ಬೇಟೆ ಶುರುವಾದದ್ದು ಆ ವಾರದಿಂದಲೇ.

ಹೀಗಿರುವಾಗ ಒಂದು ಬೆಳಗ್ಗೆ, ಗಾಡಿಯಲ್ಲಿ ಹಳೇ ಸಾಮಾನು ಸಾಗಿಸುವ ಗುಜರಿಯವನೊಬ್ಬ ಬಂದು ಬಾಗಿಲಲ್ಲಿ ನಿಂತ. ಹಲವು ವರ್ಷದ ಪರಿಚಯದವನು, ಅವಳಷ್ಟೇ ತಲೆ ನರೆತವನು.

"ಅಕ್ಕ, ಆ ಹಳೇ ಟಾಕೀಸು ಕೆಡವ್ತಾ ಇದಾರೆ. ಪರದೆ ಹಿಂದೆ ಒಂದು ಕಟೌಟು ಸಿಕ್ಕಿದೆ. ದೆವ್ವದ್ದೇ."

"ಯಾವ್ದು?" ಎಂದಳು, ಅಂಟಿನ ಬಟ್ಟಲಿನಿಂದ ಕಣ್ಣೆತ್ತದೆ.

"ಹೆಂಗಸು. ಒಂದಾಳು ಎತ್ತರ ಇದೆ. ಕೋರೆಹಲ್ಲು, ಬಾಯಲ್ಲಿ ರಕ್ತ. ನಿಮ್ಮಣ್ಣಂದೇ ಕೆಲಸವಂತೆ. ಅವರೂ ತಮಗೆ ಬೇಕು ಅಂತ ಹೇಳಿ ಕಳ್ಸಿದಾರೆ. ಅಲ್ಲಿ ಏಳೋ ಹೊಸ ಟಾಕೀಸ್‌ನೋರು ಅದನ್ನ ಬಾಗಿಲಲ್ಲೇ ನಿಲ್ಲಿಸ್ತಾರಂತೆ, ನಿಮ್ಮಣ್ಣಂಗೆ ಶಾಲು ಹೊದಿಸಿ ಸನ್ಮಾನಾನೂ ಮಾಡ್ತಾರಂತೆ. ನೀವೇನು ಹೊರಗಿನೋರಾ ಅಂತ ಒಂದ್ ಮಾತು ಹೇಳೋಣ ಅಂತ ಬಂದೆ."

ಕೈಯಲ್ಲಿದ್ದ ಬ್ರಷ್ಷು ಬಟ್ಟಲಿಗೆ ಬಿತ್ತು. ಆ ಕಟೌಟು ಯಾವತ್ತೋ ಒಲೆ ಸೇರಿದೆ ಎಂದೇ ಅವಳು ನಂಬಿದ್ದಳು. ಕಾಗದದ ಮುಖಗಳನ್ನು ಒಂದೊಂದಾಗಿ ಬಕೆಟ್ಟಿನಲ್ಲಿ ಮುಳುಗಿಸುತ್ತಿದ್ದಾಗ ಅವೆಲ್ಲವುಗಳ ತಾಯಿ ಪರದೆಯ ಹಿಂದೆ ಬೆಚ್ಚಗೆ ನಿಂತಿತ್ತು. ಅಷ್ಟೇ ಅಲ್ಲ, ಮತ್ತೆ ಬಾಗಿಲಿಗೆ ಏರಲು ತಯಾರಾಗಿತ್ತು. ಬದುಕು ಕೊನೆಯಾಗುವ ಹೊತ್ತಿಗೆ ಇನ್ನೊಂದು ಸುತ್ತು ಜನ ಬಂದು ಆ ಮುಖ ನೋಡಿ ನಗಬೇಕು, ಅದನ್ನು ಬರೆದವನಿಗೆ ಶಾಲು.

"ನಿನ್ನ ಗಾಡಿ ತಂದಿದೀಯಾ?" ಎಂದು ಕೇಳುತ್ತ ಅವಳು ಚಪ್ಪಲಿ ಮೆಟ್ಟಿದಳು.

ಮಧ್ಯಾಹ್ನದೊಳಗೆ ಕಟೌಟು ಅವಳ ಹಿತ್ತಲಲ್ಲಿತ್ತು. ಎಷ್ಟು ಕೊಟ್ಟಳು ಎಂದು ಯಾರೂ ಕೇಳಬೇಡಿ, ಜೀವನದಲ್ಲಿ ಮೊದಲ ಸಲ ಅವಳು ಚೌಕಾಸಿ ಮಾಡಲಿಲ್ಲ. ಗುಜರಿಯವನನ್ನು ಕಳಿಸಿ ಬಾಗಿಲು ಹಾಕಿದಳು. ಗೋಡೆಗೆ ಒರಗಿಸಿದ ಮುಖದ ಮುಂದೆ ಗರಗಸ ಹಿಡಿದು ನಿಂತಳು. ಮೊದಲು ಬಾಯಿ ಕೊಯ್ಯಬೇಕು ಎಂದು ಅವಳು ತೀರ್ಮಾನಿಸಿಯೇ ಬಂದಿದ್ದಳು. ಎಲ್ಲರ ನಗೆ ಶುರುವಾಗುತ್ತಿದ್ದುದು ಆ ಬಾಯಿಂದಲೇ.

ಗರಗಸದ ಬಾಯಿ ಇಟ್ಟು ಒಂದು ಸಲ ಎಳೆದಳು. ಒಂದು ಕೋರೆಹಲ್ಲು ಉದುರಿ ಕಾಲ ಮೇಲೆ ಬಿತ್ತು.

ಹಲಗೆ ತುಂಡಾಗಿರಲಿಲ್ಲ, ಬರೀ ಬಣ್ಣದ ಹಕ್ಕಳೆ. ಅವಳು ಬಗ್ಗಿ ಎತ್ತಿಕೊಂಡಳು. ಬೆರಳಲ್ಲಿ ತಿಕ್ಕಿದರೆ ಪುಡಿಪುಡಿಯಾಯಿತು. ನೀರಿನಲ್ಲಿ ಅಂಟು ಕಲಸಿದ ಬಣ್ಣ. ಹಲ್ಲು ಬಿದ್ದ ಜಾಗದಲ್ಲಿ ಕೆಳಗೆ ಎಣ್ಣೆ ಬಣ್ಣ ಹೊಳೆಯುತ್ತಿತ್ತು. ಎಣ್ಣೆ ಬಣ್ಣದ ಮೇಲೆ ನೀರು ಬಣ್ಣ ಹಚ್ಚುವ ತಪ್ಪನ್ನು ಆ ಕಸುಬಿನವರು ಯಾರೂ ಮಾಡುವುದಿಲ್ಲ, ಅದು ಹಿಡಿಯುವುದಿಲ್ಲ. ಅಣ್ಣ ಮಾಡಿದ್ದಾನೆಂದರೆ ಅಷ್ಟು ಅವಸರ ಇದ್ದಿರಬೇಕು. ಆಗ ಅವಳಿಗೆ ಎಂದೋ ಕೇಳಿ ಕಿವಿಯಾಚೆ ಬಿಟ್ಟಿದ್ದ ಮಾತೊಂದು ಅರ್ಥವಾಯಿತು. ಕಟೌಟು ಏರಿಸಿದ ಬೆಳಗ್ಗೆ ಚಿತ್ರಮಂದಿರದ ಮ್ಯಾನೇಜರು ಗೊಣಗಿದ್ದನಂತೆ, 'ಏನಪ್ಪ ಇದು, ಪಕ್ಕದ ಮನೆ ಹುಡುಗಿ ಬೈದ ಹಾಗಿದೆ, ಯಾರು ಹೆದರ್ತಾರೆ' ಎಂದು. ಅಣ್ಣ ಏಣಿಯ ಮೇಲೆ ನಿಂತೇ ಕೈಗೆ ಸಿಕ್ಕ ಬಣ್ಣದಲ್ಲಿ ಏನೋ ತಿದ್ದಿ ಇಳಿದಿದ್ದನಂತೆ.

ಅವಳು ಗರಗಸ ಕೆಳಗಿಟ್ಟಳು. ಹತ್ತಿ ಒದ್ದೆ ಮಾಡಿ ಹಿಂಡಿ, ಇನ್ನೊಂದು ಹಲ್ಲಿನ ಮೇಲೆ ಮೆಲ್ಲಗೆ ಒತ್ತಿದಳು. ಅದು ಕರಗಿ ಇಳಿಯಿತು. ತುಟಿಯ ರಕ್ತ ಇಳಿಯಿತು. ಕಣ್ಣಿನ ಸುತ್ತ ಬಳಿದ ಕೆಂಪು, ಹಣೆಯ ಹಸಿರು, ಕೆನ್ನೆಯ ಕುಳಿ, ಎಲ್ಲ ಒಂದೊಂದೇ ಹತ್ತಿಗೆ ಹತ್ತಿ ಬಂದವು. ಕಾಗದ ಬಿಡಿಸಿ ಪಳಗಿದ ಕೈ, ಕೆಳಗಿನದಕ್ಕೆ ಒಂದು ಗೀರೂ ತಾಗಿಸಲಿಲ್ಲ. ಬಿಸಿಲು ಹಿತ್ತಲ ಗೋಡೆ ಇಳಿಯುವ ಹೊತ್ತಿಗೆ ದೆವ್ವ ಪೂರ್ತಿ ಹೋಗಿತ್ತು.

ಉಳಿದದ್ದು ಒಬ್ಬಳು ಹುಡುಗಿ. ಬೆವರಿದ ಹಣೆ, ಬಿಚ್ಚಿಹೋದ ಜಡೆ, ಅಳು ಬರುತ್ತಿದ್ದರೂ ಅಳಬಾರದೆಂದು ಬಿಗಿಹಿಡಿದ ಗಲ್ಲ. ಅವಳ ಬಾಯಲ್ಲಿ ಒಂದು ಪ್ರಶ್ನೆ ಇತ್ತು, ಅದು ಯಾರಿಗಾದರೂ ಕಾಣುವಷ್ಟು ಸ್ಪಷ್ಟವಾಗಿತ್ತು. ತಲೆ ಸರಿಯಿಲ್ಲದವರ ಮುಖವಲ್ಲ ಅದು. ನ್ಯಾಯ ತನ್ನ ಕಡೆ ಇರುವವಳ ಮುಖ.

ಅವಳು ಮೆಟ್ಟಿಲ ಮೇಲೆ ಕೂತಳು. ಮೊದಲು ಬಂದದ್ದು ಅಳು. ಇಷ್ಟು ವರ್ಷ ಬಕೆಟ್ಟಿನಲ್ಲಿ ಕಿವುಚಿದ್ದು ಇವಳನ್ನೇ ಅಲ್ಲವೇ? ಅದರ ಹಿಂದೆಯೇ ಸಿಟ್ಟು ಬಂತು, ಹಿಂದೆಂದೂ ಬಾರದಂಥ ಸಿಟ್ಟು. ಅಣ್ಣನಿಗೆ ಅಂದು ತನ್ನ ಮಾತು ಕೇಳಿಸಿಯೇ ಇಲ್ಲ, ಅವನು ಬರೀ ಕೂದಲು ಬಾಯಿ ನೋಡಿದ, ಕಲೆಯ ಹುಚ್ಚು ಎಂದು ಅವಳು ಎಲ್ಲೋ ಒಂದು ಕಡೆ ರಿಯಾಯಿತಿ ಕೊಟ್ಟಿದ್ದಳು. ಈ ಗಲ್ಲವನ್ನು ಬರೆದ ಕೈಗೆ ಎಲ್ಲ ಗೊತ್ತಿತ್ತು. ಅವನು ಕೇಳಿಸಿಕೊಂಡಿದ್ದ, ಅರ್ಥ ಮಾಡಿಕೊಂಡಿದ್ದ, ಎಳೆಎಳೆಯಾಗಿ ಬರೆದಿದ್ದ. ಆಮೇಲೆ ಅದರ ಮೇಲೆ ಹಲ್ಲು ಹಚ್ಚಿದ್ದ.

ಮರುದಿನ ಗುಜರಿಯವನ ಗಾಡಿಯಲ್ಲಿ ಕಟೌಟು ಅಣ್ಣನ ಮನೆಗೆ ಹೋಯಿತು. ಇಬ್ಬರೂ ಆಚೀಚೆ ಹಿಡಿದು ಹಿಂದುಮುಂದಾಗಿ ಒಳಗೆ ತಂದರು. ಅಣ್ಣ ನಡುಮನೆಯಲ್ಲಿ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದ. ಮಂಡಿ ಹೋಗಿದೆ, ಕಣ್ಣು ಚೆನ್ನಾಗಿದೆ. ಹಲಗೆಯ ಬೆನ್ನು ಕಂಡೇ ಅವನ ಮುಖ ಅರಳಿತು.

"ನೀನೇ ತಗೊಂಡ್ಯಂತೆ, ಸುದ್ದಿ ಬಂತು. ನಂಗೆ ತಂದ್ಕೊಡ್ತೀಯ ಅಂತ ಗೊತ್ತಿತ್ತು. ಎಷ್ಟಾದ್ರೂ ನನ್ನ ತಂಗಿ."

ಅವಳು ಹಲಗೆಯನ್ನು ಅವನತ್ತ ತಿರುಗಿಸಿ ನಿಲ್ಲಿಸಿದಳು.

ಅವನು ನೋಡಿದ. ಗುಜರಿಯವನು ಗಂಟಲು ಸರಿಮಾಡಿಕೊಂಡು ಬಾಗಿಲ ಕಡೆ ಸರಿದ.

"ಹಲ್ಲೆಲ್ಲಿ?" ಎಂದ ಅಣ್ಣ.

"ಹಲ್ಲು ನಿಂದು. ಒರೆಸ್ದೆ. ಮುಖ ನಂದು, ಉಳಿಸ್ಕೊಂಡೆ."

"ಹಲ್ಲಿಲ್ದೆ ಇದು ದೆವ್ವ ಹೇಗಾಗುತ್ತೆ?"

"ಆಗಲ್ಲ. ಅವತ್ತೂ ಆಗಿರ್ಲಿಲ್ಲ. ಅದು ನಿಂಗೆ ಗೊತ್ತಿತ್ತು."

ಅವಳ ದನಿ ಏರಿತ್ತು. ಅಡುಗೆಮನೆಯಿಂದ ಅತ್ತಿಗೆ, "ಬಂತಪ್ಪ ದೆವ್ವ, ಇರು ಕಾಫಿ ತರ್ತೀನಿ" ಎಂದು ನಗುತ್ತಲೇ ಹೊರಗೆ ಬಂದರು. ಆ ಮನೆಗೆ ಮದುವೆಯಾಗಿ ಬಂದಾಗಿನಿಂದ ಕಲಿತ ತಮಾಷೆ ಅದು, ಅವರಿಗೆ ಅದರಲ್ಲಿ ಕೆಟ್ಟದ್ದೇನೂ ಕಂಡಿರಲಿಲ್ಲ. ಇಂದು ಯಾರೂ ಜೊತೆಗೂಡಿ ನಗಲಿಲ್ಲ. ಅತ್ತಿಗೆ ಕಟೌಟು ನೋಡಿದರು, ನಾದಿನಿಯನ್ನು ನೋಡಿದರು, ಮತ್ತೆ ಕಟೌಟು ನೋಡಿದರು. ಅವರ ನಗು ನಿಂತಿತು.

"ಇದು ನೀನಾ? ಎಷ್ಟು ಸಣ್ಣ ಹುಡುಗಿ" ಎಂದು ಹತ್ತಿರ ಬಂದರು. ಸ್ವಲ್ಪ ತಡೆದು ಕೇಳಿದರು, "ಇವಳು ಏನ್ ಕೇಳ್ತಿದಾಳೆ?"

ಅಷ್ಟು ವರ್ಷಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ದೆವ್ವ ಏನು ಹೇಳುತ್ತಿದೆ ಎಂದು ಯಾರು ತಾನೇ ಕೇಳುತ್ತಾರೆ? ಅವಳು ಅಣ್ಣನತ್ತ ಕೈ ತೋರಿದಳು.

"ಅವನನ್ನೇ ಕೇಳಿ ಅತ್ತಿಗೆ. ನನ್ನ ತಲೆ ಸರಿ ಇಲ್ಲ ಅಂತ ಪ್ರೆಸ್ಸಿಗೆ ಹೋಗಿ ಯಾಕೆ ಹೇಳ್ದ, ಕೇಳಿ. ನಾನು ಅವತ್ತು ಕೇಳ್ದೆ. ಉತ್ತರ ಇನ್ನೂ ಬಂದಿಲ್ಲ."

"ಯಾವ ಕಾಲದ್ದು ತೆಗೀತಿದೀಯ" ಎಂದ ಅಣ್ಣ.

"ಕಾಲ ಕಳೆದಿರೋದು ನಿಂಗೆ. ಇವಳನ್ನ ನೋಡು, ಇವಳು ಇನ್ನೂ ಅಲ್ಲೇ ನಿಂತಿದಾಳೆ."

ಅತ್ತಿಗೆ ಕಾಫಿಯ ನೆನಪು ಬಿಟ್ಟು ಗಂಡನ ಮುಖ ನೋಡುತ್ತ ನಿಂತರು. ಅವನು ಕಿಟಕಿ ನೋಡಿದ, ಮಂಡಿ ಸವರಿಕೊಂಡ, ಬೇರೆ ದಾರಿ ಕಾಣದೆ ಕೊನೆಗೆ ತಾನೇ ಬರೆದ ಮುಖವನ್ನು ನೋಡಿದ.

"ನೀನು ಹೋಗ್ಬಿಟ್ಟಿದ್ರೆ ಅಕ್ಷರ ಯಾರು ಬರೀತಿದ್ರು?" ಎಂದ.

ಅಷ್ಟೇ. ಮಾರುಕಟ್ಟೆಗೆ ಹೋದರೆ ಚೀಲ ಯಾರು ಹೊರುತ್ತಾರೆ ಎಂದು ಕೇಳುವ ದನಿಯಲ್ಲಿ ಹೇಳಿದ. ಅವಳು ಇಷ್ಟು ವರ್ಷ ಅವನ ಪರವಾಗಿ ದೊಡ್ಡ ದೊಡ್ಡ ಕಾರಣಗಳನ್ನು ಊಹಿಸಿದ್ದಳು. ಊರಿನ ಬಾಯಿಗೆ ಹೆದರಿದನೋ, ತಂಗಿಯ ಮದುವೆಯ ಚಿಂತೆಯೋ, ತನ್ನ ಕೈಯನ್ನು ಅವಳ ಕೈ ಮೀರಿಸೀತೆಂಬ ಹೊಟ್ಟೆಕಿಚ್ಚೋ. ಹೊಟ್ಟೆಕಿಚ್ಚಾದರೂ ಆಗಿದ್ದರೆ ಅವಳಿಗೆ ಒಂದು ಬೆಲೆ ಇರುತ್ತಿತ್ತು.

"ಥೂ" ಎಂದರು ಅತ್ತಿಗೆ, ಮೆಲ್ಲಗೆ. ಯಾರಿಗೆಂದು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

"ಈಗ ಸಿಟ್ಟು ಇಳೀತಾ?" ಎಂದ ಅಣ್ಣ.

"ಇಲ್ಲ" ಎಂದಳು. "ಇಳಿಸ್ಕೊಳ್ಳೋಕೆ ಬಂದಿಲ್ಲ. ಇದು ನಂದು, ನನ್ನ ಹತ್ರಾನೇ ಇರುತ್ತೆ. ಇನ್ಮೇಲೆ ಇದಕ್ಕೆ ಯಾರೂ ದೆವ್ವ ಅನ್ನೋ ಹಾಗಿಲ್ಲ. ನೀನಂತೂ ಅನ್ನಲೇಬಾರ್ದು."

ಅವಳು ಬಾಗಿಲ ಕಡೆ ತಿರುಗಿ ಗುಜರಿಯವನಿಗೆ ಹಿಡಿಯುವಂತೆ ಕಣ್ಣಲ್ಲೇ ಹೇಳಿದಳು. ಕಟೌಟು ಹೊರಡುತ್ತಿರುವುದು ಕಂಡು ಅಣ್ಣನಿಗೆ ನಿಜವಾದ ಗಾಬರಿ ಹತ್ತಿತು. ಕುರ್ಚಿಯ ಕೈ ಹಿಡಿದು ಏಳಲು ನೋಡಿದ, ಮಂಡಿ ಬಿಡಲಿಲ್ಲ.

"ಅದನ್ನ ಇಲ್ಲೇ ಬಿಡು. ನನ್ನ ಕೈಯಲ್ಲಿ ಆದ ಕೆಲಸದಲ್ಲಿ ಅಷ್ಟು ಚೆನ್ನಾಗಿರೋದು ಅದೊಂದೇ. ನಾನು ಹಲ್ಲು ಮತ್ತೆ ಬರೀತೀನಿ, ಒಂದ್ ದಿನದ ಕೆಲಸ. ಹೀಗೇ ಇದ್ರೆ ಟಾಕೀಸ್‌ನೋರು ಮುಟ್ಟಲ್ಲ. ಬರೀ ಸಿಟ್ಟು ಮಾಡ್ಕೊಂಡಿರೋ ಹುಡುಗೀನ ಯಾರು ತಗೋತಾರೆ?"

"ನಾನು ತಗೋತೀನಿ" ಎಂದು ಅವಳು ಬಗ್ಗಿ ತನ್ನ ಕಡೆಯ ಅಂಚನ್ನು ಎತ್ತಿದಳು.